ವಿಪಿಎನ್ ಆನ್ ಇರುವಾಗಲೇ ಬ್ಯಾಂಕಿನ ಸೈಟ್ ಮಾತ್ರ ಹೊರಗಿಂದ ತೆಗೆಯೋದು ಹೇಗೆ?

ಕೊಪ್ಪರಿಗೆ · ರಾತ್ರಿ 9:52

ಎಲ್ರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ತಾಲ್ಲೂಕು, ಕೋಣಂದೂರು ಕಡೆ. ಎರಡು ವರ್ಷದಿಂದ ಮನೆಯಲ್ಲೇ ಕೂತು ಹೊರದೇಶದ ಒಂದು ಕಂಪನಿಗೆ ಗುತ್ತಿಗೆ ಮೇಲೆ ಕೆಲಸ ಮಾಡ್ತಿದ್ದೀನಿ. ಅವರ ಡ್ಯಾಶ್‌ಬೋರ್ಡ್ ತೆಗೀಬೇಕು ಅಂದ್ರೆ ಅವರು ಕೊಟ್ಟ ವೈರ್‌ಗಾರ್ಡ್ ವಿಪಿಎನ್ (ನಮ್ಮ ನೆಟ್ ಸಂಚಾರವನ್ನ ದೂರದ ಸರ್ವರ್ ತನಕ ಮುಚ್ಚಿ ಒಯ್ಯೋ ಸುರಂಗ) ಆನ್ ಇರಬೇಕು. ಅದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹೊರಗೆ ಬೀಳುತ್ತೆ. ಲ್ಯಾಪ್‌ಟಾಪ್ ನನ್ನದೇ, ವಿಂಡೋಸ್ 11, ಬ್ರೌಸರ್ ಫೈರ್‌ಫಾಕ್ಸ್.

ತಾಪತ್ರಯ ಅಪ್ಪನ ಬ್ಯಾಂಕಿನದ್ದು. ವಿಪಿಎನ್ ಆನ್ ಇದ್ರೆ ಆ ಸೈಟು ಬಿಳಿ ಹಾಳೆ ತೋರಿಸಿ ಸುಮ್ನೆ ಕೂರುತ್ತೆ. ಆಫ್ ಮಾಡಿದ್ರೆ ಕ್ಷಣದಲ್ಲಿ ಬರುತ್ತೆ. ಮೊನ್ನೆ ಅಡಿಕೆ ದುಡ್ಡು ಬಂತಾ ನೋಡು ಅಂದ್ರು ಅಂತ ಆಫ್ ಮಾಡಿದೆ. 4 ಜಿಬಿ ಫೈಲು ಮೇಲೆ ಹೋಗ್ತಿತ್ತು, 3.1ಕ್ಕೆ ಬಂದಿತ್ತು, ಕಡಿದು ಹೋಯ್ತು. ಮತ್ತೆ ಮೊದಲಿಂದ. ಅಷ್ಟರಲ್ಲಿ ಕರೆಂಟೂ ಹೋಯ್ತು, ಅದು ಬೇರೆ ಕಥೆ.

ಮಾಡಿ ನೋಡಿದ್ದು ಇಷ್ಟು: ಫೈರ್‌ಫಾಕ್ಸ್ ಸೆಟ್ಟಿಂಗ್ಸ್, ನೆಟ್‌ವರ್ಕ್ ಸೆಟ್ಟಿಂಗ್ಸ್, ಅದರ ಕೆಳಗೆ ‘ನೋ ಪ್ರಾಕ್ಸಿ ಫಾರ್’ ಅಂತ ಒಂದು ಪೆಟ್ಟಿಗೆ ಇದೆ. ಅದರಲ್ಲಿ ಬ್ಯಾಂಕಿನ ವಿಳಾಸ ಬರೆದೆ. ಐಪಿ, ಅಂದ್ರೆ ನೆಟ್ಟಲ್ಲಿ ನಾವು ಕಾಣೋ ಅಂಕಿ ವಿಳಾಸ, ಅದನ್ನ ತೋರಿಸೋ ಒಂದು ಸೈಟಿನ ವಿಳಾಸಾನೂ ಬರೆದೆ, ಪರೀಕ್ಷೆಗೆ. ಅದು ಇನ್ನೂ ಜರ್ಮನಿ ಅಂತಲೇ ಹೇಳ್ತಿದೆ. ಎಲ್ಲಿ ತಪ್ಪಿದೆ?

ಬಿಎಚ್ ರೋಡ್ · ರಾತ್ರಿ 10:05

ಎರಡು ನಿಮಿಷದ ಕೆಲಸಕ್ಕೆ ಎಂತಕ್ಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ ಮಾರಾಯ್ರೆ. ಬ್ಯಾಂಕ್ ಫೋನಲ್ಲಿ ನೋಡಿ, ಮೊಬೈಲ್ ಡೇಟಾದಲ್ಲಿ. ಅಂಗಡಿಗೆ ಬರೋ ಹುಡುಗರಿಗೂ ನಾನು ಇದನ್ನೇ ಹೇಳೋದು.

ಕೊಪ್ಪರಿಗೆ · ರಾತ್ರಿ 10:11

ಶಿವಮೊಗ್ಗದಲ್ಲಿ ಕೂತವರಿಗೆ ಹಂಗೆ ಅನ್ಸುತ್ತೆ ಸರ್. ನಮ್ಮಲ್ಲಿ ಮನೆ ಒಳಗೆ ಕಿಟಕಿ ಹತ್ರ ಒಂದೇ ಒಂದು ಕಡ್ಡಿ ಸಿಗ್ನಲ್. ಒಟಿಪಿ ಮೆಸೇಜು ಬರುತ್ತೆ, ಡೇಟಾ ಎಳೆಯಲ್ಲ. ಡೇಟಾ ಬೇಕಂದ್ರೆ ಮೇಲಿನ ತೋಟದ ತಲೆಗೆ ಹೋಗ್ಬೇಕು. ಈ ಮಳೆಯಲ್ಲಿ ಹೋಗಿ ಬಂದ್ರೆ ಕಾಲಿಗೆ ಎಂಟ್ಹತ್ತು ಇಂಬಳ. ಮನೆಗೆ ಫೈಬರ್ ಇದೆ, ಇರೋದು ಅದೊಂದೇ.

ಸಾಗರದಕ್ಕ · ರಾತ್ರಿ 10:40

ನೀವು ಬರೆದ ಪಟ್ಟಿಯಲ್ಲಿ ತಪ್ಪಿಲ್ಲ. ಆ ಪಟ್ಟಿಗೆ ನಿಮ್ಮ ವಿಪಿಎನ್‌ಗೆ ಸಂಬಂಧವೇ ಇಲ್ಲ, ಅಷ್ಟೇ.

‘ನೋ ಪ್ರಾಕ್ಸಿ ಫಾರ್’ ಅಂದ್ರೆ ‘ಈ ಸೈಟುಗಳನ್ನ ಪ್ರಾಕ್ಸಿ ಕೈಗೆ ಕೊಡಬೇಡ’ ಅಂತ. ಪ್ರಾಕ್ಸಿ ಅಂದ್ರೆ ಬ್ರೌಸರ್ ಪರವಾಗಿ ಸೈಟಿಗೆ ಹೋಗಿ ಪುಟ ತರೋ ಮಧ್ಯವರ್ತಿ. ನಿಮ್ಮ ಬ್ರೌಸರಿಗೆ ಪ್ರಾಕ್ಸಿಯೇ ಇಲ್ಲ. ಕೆಲಸಕ್ಕೇ ಸೇರದವನಿಗೆ ರಜೆ ಬರೆದುಕೊಟ್ಟ ಹಾಗೆ ಆಯ್ತು. ಬ್ರೌಸರ್ ಸೈಟಿಗೆ ‘ನೇರ’ ಹೋಗ್ತಿದೆ, ಅದು ನಿಜ. ಆದ್ರೆ ನೇರ ಅಂದ್ರೆ ವಿಂಡೋಸ್ ತೋರಿಸಿದ ದಾರಿಯಲ್ಲಿ. ವೈರ್‌ಗಾರ್ಡ್ ಕೂತಿರೋದು ಆ ದಾರಿ ಪಟ್ಟಿಯಲ್ಲಿ, ಬ್ರೌಸರಿಗಿಂತ ಕೆಳಗೆ. ನಿಮ್ಮ ಕಾನ್ಫಿಗ್ ಫೈಲ್ ತೆಗೆದು ‘ಅಲೌಡ್ ಐಪೀಸ್’ ಅನ್ನೋ ಸಾಲು ನೋಡಿ. 0.0.0.0/0 ಅಂತ ಇರುತ್ತೆ. ಪ್ರಪಂಚದ ಎಲ್ಲ ಐಪಿವಿ4 ವಿಳಾಸಗಳೂ ಈ ಸುರಂಗದೊಳಗೇ ಹೋಗಲಿ ಅಂತ ಅದರ ಅರ್ಥ.

ಮನೆ ಒಳಗೆ ನಿಂತು ನೀವು ‘ನಾನು ನೇರ ಪೇಟೆಗೆ ಹೋಗ್ತೀನಿ’ ಅನ್ನಬಹುದು. ಅಂಗಳಕ್ಕೆ ದಣಪೆ ಇರೋದು ಒಂದೇ ಆದ್ರೆ ಅಲ್ಲಿಂದಲೇ ದಾಟಬೇಕು. ಬ್ರೌಸರ್ ನಿಯಮ ಎಷ್ಟು ಬರೆದ್ರೂ ಇನ್ನೊಂದು ದಣಪೆ ಹುಟ್ಟಲ್ಲ.

ಹೊಳೆಬಾಗಿಲು · ರಾತ್ರಿ 10:44

ದಣಪೆ ಅಂದ್ರೆ ಎಷ್ಟು ಜನಕ್ಕೆ ಗೊತ್ತಾಗ್ತದೆ ಅಕ್ಕಾ 😀 ತೀರ್ಥಹಳ್ಳಿ ಕಡೆ ಅದು ಉಣುಗೋಲು, ಬೇಲಿಯಲ್ಲಿ ಗಳ ಸರಿಸಿ ದಾಟೋ ಜಾಗ.

ಕೊಪ್ಪರಿಗೆ · ರಾತ್ರಿ 10:46

ಎರಡೂ ಗೊತ್ತು, ಅಮ್ಮನ ತವರು ಸಾಗರದ ಕಡೆ. ಆದ್ರೆ ಅಕ್ಕ, ಹಂಗಾದ್ರೆ ಬ್ರೌಸರಿಂದ ಇದು ಆಗೋದೇ ಇಲ್ವಾ?

ಸಾಗರದಕ್ಕ · ರಾತ್ರಿ 11:02

ಆಗುತ್ತೆ ತಮ್ಮ. ಎರಡನೇ ದಣಪೆ ಮೊದಲು ಮಾಡ್ಕೋಬೇಕು, ಆಮೇಲೆ ಬ್ರೌಸರಿಗೆ ‘ಇಂಥವರು ಬಂದ್ರೆ ಅಲ್ಲಿಂದ ಬಿಡು’ ಅಂತ ಹೇಳ್ಬೇಕು.

ದಾರಿ ಪಟ್ಟಿಗೆ ಒಂದು ಗುಣ ಇದೆ. ಒಂದೇ ವಿಳಾಸಕ್ಕೆ ಎರಡು ಸಾಲು ಹೊಂದಿದ್ರೆ ಹೆಚ್ಚು ನಿಖರವಾದ ಸಾಲು ಗೆಲ್ಲುತ್ತೆ. 0.0.0.0/0 ಅನ್ನೋದು ಅತಿ ಸಡಿಲದ ಸಾಲು. ನಿನ್ನ ವೈಫೈ ಕೊಟ್ಟ 192.168.1.0/24, ಅಂದ್ರೆ ಮನೆಯೊಳಗಿನ ವಿಳಾಸಗಳು ಮಾತ್ರ, ಅದಕ್ಕಿಂತ ಬಿಗಿ. ಅಂದ್ರೆ ವಿಪಿಎನ್ ಆನ್ ಇದ್ರೂ ಮನೆಯೊಳಗಿನ ರೂಟರು, ಪ್ರಿಂಟರು, ಇನ್ನೊಂದು ಫೋನು ಇವಕ್ಕೆಲ್ಲ ಸುರಂಗದ ಹೊರಗಿಂದಲೇ ತಲುಪಬಹುದು. ಆ ಇನ್ನೊಂದು ಫೋನಿನಲ್ಲಿ ಒಂದು ಪುಟ್ಟ ಪ್ರಾಕ್ಸಿ ಓಡಿಸಿದ್ರೆ, ಬ್ಯಾಂಕಿನ ಕೋರಿಕೆ ಲ್ಯಾಪ್‌ಟಾಪಿಂದ ಫೋನಿಗೆ, ಫೋನಿಂದ ನಿಮ್ಮೂರ ಫೈಬರಿಗೆ ಹೋಗುತ್ತೆ. ಬ್ಯಾಂಕಿಗೆ ಕಾಣೋದು ಭಾರತದ ಐಪಿ.

ಒಂದು ಅಡ್ಡಿ ಇರಬಹುದು. ವಿಂಡೋಸಿನ ವೈರ್‌ಗಾರ್ಡ್ ಕಿಟಕಿಯಲ್ಲಿ ಕಾನ್ಫಿಗ್ ತಿದ್ದೋಕೆ ಹೋದ್ರೆ ಕೆಳಗೆ ‘ಬ್ಲಾಕ್ ಅನ್‌ಟನಲ್ಡ್ ಟ್ರಾಫಿಕ್’ ಅಂತ ಒಂದು ಟಿಕ್ ಇರುತ್ತೆ, ಕಿಲ್-ಸ್ವಿಚ್ ಅಂತಾರಲ್ಲ ಅದು. ಅದಿದ್ರೆ ಮನೆಯೊಳಗಿನ ಸಾಧನಗಳಿಗೂ ತಡೆ. ಟಿಕ್ ತೆಗೆದ್ರೆ 0.0.0.0/0 ಹೋಗಿ ಅದರ ಜಾಗದಲ್ಲಿ 0.0.0.0/1 ಮತ್ತು 128.0.0.0/1 ಅಂತ ಎರಡು ಸಾಲು ತಾನಾಗೇ ಬರುತ್ತೆ. ಗಾಬರಿ ಆಗ್ಬೇಡ, ಒಂದೇ ಹಣ್ಣನ್ನ ಎರಡು ಹೋಳು ಮಾಡಿದ್ದು ಅದು. ಆದ್ರೆ ಟಿಕ್ ತೆಗೆದ ಮೇಲೆ ಸುರಂಗ ಯಾವಾಗಾದ್ರೂ ಕಡಿದ್ರೆ ಎಲ್ಲವೂ ಸದ್ದಿಲ್ಲದೆ ಮಾಮೂಲಿ ದಾರಿ ಹಿಡಿಯುತ್ತೆ. ಅದು ಗೊತ್ತಿರಲಿ.

ತುಂಗಾತೀರದ ಮೇಷ್ಟ್ರು · ಬೆಳಿಗ್ಗೆ 6:20

ಅಕ್ಕನವರು ಹೇಳಿದ್ದು ಸರಿ ಇದೆ. ನಾನು ಸ್ವಲ್ಪ ಅಡ್ಡಮಾತು ಆಡುತ್ತೇನೆ, ಬೇಜಾರಾಗಬೇಡಿ. ಎಲ್ಲವನ್ನೂ ಸುರಂಗದೊಳಗೆ ತಳ್ಳುವ ಕಾನ್ಫಿಗ್ ಕೊಟ್ಟವರು ಬೇಕೆಂದೇ ಹಾಗೆ ಕೊಟ್ಟಿರಬಹುದು. ಕಿಲ್-ಸ್ವಿಚ್ ತೆಗೆಯುವ ಮೊದಲು ಅವರಿಗೆ ಒಂದು ಸಾಲು ಬರೆದು ಕೇಳಿ. ಕಂಪನಿಯೇ ಕೊಟ್ಟ ಲ್ಯಾಪ್‌ಟಾಪ್ ಇಟ್ಟುಕೊಂಡವರಂತೂ ಈ ಚರ್ಚೆ ಓದಿ ಇಲ್ಲಿಗೇ ಬಿಡಿ, ಕೈ ಹಾಕಬೇಡಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೇ ಏನೋ ಮಾಡಲು ಹೋಗಿ ಒಂದು ವಾರ ಅಕೌಂಟ್ ಲಾಕ್ ಆಗಿ ಕೂತಿದ್ದ.

ಬಿಎಚ್ ರೋಡ್ · ಬೆಳಿಗ್ಗೆ 9:15

ಸರಿ, ಫೋನ್ ಆಗಲ್ಲ ಅಂದ್ರೆ ಇನ್ನೊಂದು ದಾರಿ. ದುಡ್ಡು ಕೊಟ್ಟು ತಗೊಳ್ಳೋ ವಿಪಿಎನ್ ಆಪುಗಳಲ್ಲಿ ಭಾರತದ ಸರ್ವರ್ ಅಂತ ಇರುತ್ತಲ್ಲ, ಅದರ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ ಬ್ಯಾಂಕಿಗೆ ಮಾತ್ರ ಅದನ್ನ ಆನ್ ಮಾಡಿ.

ಸಾಗರದಕ್ಕ · ಬೆಳಿಗ್ಗೆ 9:48

ಆಗಲ್ಲ ಅಂತಲ್ಲ, ಬ್ಯಾಂಕಿಗೆ ನಾನು ಅದನ್ನ ಹೇಳಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸ್ತು, ವಿಪಿಎನ್ ಕೊಡೋರು ಗ್ರಾಹಕರ ವಿವರ 5 ವರ್ಷ ಇಟ್ಟಿರಬೇಕು ಅಂತ. ಅದು ಜಾರಿಗೆ ಬರೋ ಮೊದಲೇ ಹೆಸರಾಂತ ಕೆಲವು ಕಂಪನಿಗಳು ಇಲ್ಲಿದ್ದ ಸರ್ವರ್ ಎತ್ತಿಕೊಂಡು ಹೋದವು. ಈಗ ‘ಭಾರತ’ ಅಂತ ಬಾವುಟ ತೋರಿಸೋ ಎಷ್ಟೋ ಸರ್ವರ್‌ಗಳು ಇರೋದು ಸಿಂಗಾಪುರದಲ್ಲೋ ಯೂರೋಪಿನಲ್ಲೋ, ವಿಳಾಸ ಮಾತ್ರ ಭಾರತದ್ದು. ಈ ತಮ್ಮನ ಬ್ಯಾಂಕಿನ ಪುಟ ಕೋಣಂದೂರಿಂದ ಫ್ರಾಂಕ್‌ಫರ್ಟಿಗೆ ಹೋಗಿ, ಅಲ್ಲಿಂದ ಸಿಂಗಾಪುರಕ್ಕೆ ಬಂದು, ಆಮೇಲೆ ಮುಂಬಯಿ ಮುಟ್ಟಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಅದರ ಮೇಲೆ ಗುರುತಿಲ್ಲದ ಎಕ್ಸ್‌ಟೆನ್ಶನ್ ಕೈಗೆ ಬ್ಯಾಂಕಿನ ಪುಟ ಕೊಡೋದು ಬೇರೆ.

ಹೊಳೆಬಾಗಿಲು · ಬೆಳಿಗ್ಗೆ 10:30

ಹಳೆ ಫೋನ್ ಇದ್ರೆ ಹಿಂಗೆ ಮಾಡು, ನಾನು ಲಾಕ್‌ಡೌನ್ ಕಾಲದಿಂದ ಇದನ್ನೇ ಮಾಡ್ಕಂಡಿದ್ದೆ.

ಎಫ್-ಡ್ರಾಯ್ಡ್ ಅನ್ನೋ ಆಪ್ ಅಂಗಡಿಯಿಂದ ಟರ್ಮಕ್ಸ್ ಹಾಕ್ಕೋ, ಫೋನಲ್ಲಿ ಲಿನಕ್ಸ್ ಕಮಾಂಡ್ ಓಡಿಸೋ ಆಪು ಅದು. ಅದರಲ್ಲಿ ಟೈನಿಪ್ರಾಕ್ಸಿ ಅಂತ ಪ್ಯಾಕೇಜ್ ಸಿಗ್ತದೆ, ಹೆಸರಿಗೆ ತಕ್ಕ ಹಂಗೆ ಚೋಟುದ್ದದ್ದು, ಅದನ್ನ ಇನ್‌ಸ್ಟಾಲ್ ಮಾಡು. ಮಾಮೂಲಿ ಪೋರ್ಟ್ 8888. ರೂಟರ್ ಪುಟಕ್ಕೆ ಹೋಗಿ ಆ ಫೋನಿಗೆ ಯಾವಾಗ್ಲೂ ಒಂದೇ ಐಪಿ ಸಿಗೋ ಹಂಗೆ ಕಾದಿರಿಸು, ನಂದು 192.168.1.50. ಇಲ್ಲಾಂದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ಐಪಿ ಬದಲಾಗಿ ಹುಡುಕ್ತಾ ಕೂರ್ಬೇಕು.

ಆಮೇಲೆ ಪ್ಯಾಕ್ ಫೈಲ್, ಯಾವ ಸೈಟು ಯಾವ ದಾರಿ ಅಂತ ಬ್ರೌಸರಿಗೆ ಹೇಳೋದು. ಇದು ನೆಟ್‌ಸ್ಕೇಪ್ ಕಾಲದ್ದು, 1996ರದ್ದು, ಇವತ್ತಿಗೂ ಎಲ್ಲಾ ಬ್ರೌಸರ್ ಇದನ್ನ ಓದ್ತಾವೆ. ಒಂದು ಸಣ್ಣ ಜಾವಾಸ್ಕ್ರಿಪ್ಟ್ ಫಂಕ್ಷನ್, ಹೆಸರು ‘ಫೈಂಡ್ ಪ್ರಾಕ್ಸಿ ಫಾರ್ ಯುಆರ್‌ಎಲ್’, ಇಂಗ್ಲಿಷಲ್ಲಿ ನಡುವೆ ಜಾಗ ಬಿಡದೆ ಬರೀಬೇಕು. ನೀನು ಪುಟ ತೆಗೆಯೋವಾಗೆಲ್ಲ ಬ್ರೌಸರ್ ಇದನ್ನ ಕರೆದು ವಿಳಾಸ ಕೊಟ್ಟು ಕೇಳ್ತದೆ, ‘ಇವನನ್ನ ಎಲ್ಲಿಂದ ಬಿಡ್ಲಿ?’ ಅಂತ. ನೀನು ಎರಡರಲ್ಲಿ ಒಂದು ಉತ್ತರ ವಾಪಸ್ ಕೊಡ್ಬೇಕು. ‘ಪ್ರಾಕ್ಸಿ 192.168.1.50:8888’ ಅಂದ್ರೆ ಫೋನಿನ ಕಡೆಗೆ. ‘ಡೈರೆಕ್ಟ್’ ಅಂದ್ರೆ ಮಾಮೂಲಿ, ಅಂದ್ರೆ ನಿನ್ನ ಮಟ್ಟಿಗೆ ಸುರಂಗ.

ಫೈರ್‌ಫಾಕ್ಸಿನಲ್ಲಿ ನೀನು ನೋಡಿದ ಅದೇ ಕಿಟಕಿಯಲ್ಲಿ ‘ಆಟೋಮ್ಯಾಟಿಕ್ ಪ್ರಾಕ್ಸಿ ಕಾನ್ಫಿಗರೇಶನ್ ಯುಆರ್‌ಎಲ್’ ಅಂತ ಇದೆ. ಅಲ್ಲಿ ಫೈಲಿನ ವಿಳಾಸ ಕೊಡು, ‘ಫೈಲ್’ ಆದ್ಮೇಲೆ ಒಂದು ಕೋಲನ್, ಮೂರು ಗೀಟು. ಎರಡೇ ಗೀಟು ಹಾಕಿ ನಾನು ಒಂದು ಸಂಜೆ ಕಳೆದಿದ್ದೆ. ಕ್ರೋಮಿನವರಿಗೆ ಇಷ್ಟು ಸಲೀಸಿಲ್ಲ, ಅದು ವಿಂಡೋಸಿನ ಪ್ರಾಕ್ಸಿ ಸೆಟ್ಟಿಂಗನ್ನೇ ನೋಡ್ತದೆ. ಅಲ್ಲಿ ಬರೆದ್ರೆ ಉಳಿದ ಆಪುಗಳಿಗೂ ತಗಲ್ತದೆ.

ಸಾಗರದಕ್ಕ · ಬೆಳಿಗ್ಗೆ 11:10

ಹೊಳೆಬಾಗಿಲು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಇದು ಬ್ಯಾಂಕಿನ ವಿಷಯ ಅಂತ.

ಡೊಮೇನ್ ಹೊಂದಿಸೋಕೆ ಪ್ಯಾಕ್‌ನಲ್ಲಿ ‘ಡಿಎನ್‌ಎಸ್ ಡೊಮೇನ್ ಈಸ್’ ಅನ್ನೋ ಸಹಾಯಕ ಫಂಕ್ಷನ್ ಇದೆ. ಅದು ಮಾಡೋದು ಇಷ್ಟೇ, ವಿಳಾಸದ ಬಾಲ ನೋಡೋದು. ‘ಅಡಿಕೆ ಡಾಟ್ ಇನ್’ ಅಂತ ಮಾತ್ರ ಬರೆದ್ರೆ ‘ಕೆಂಪಡಿಕೆ ಡಾಟ್ ಇನ್’ ಕೂಡ ಒಳಗೆ ಬರುತ್ತೆ, ಬಾಲ ಒಂದೇ ಅಲ್ವಾ. ಅದಕ್ಕೆ ಮುಂದೆ ಒಂದು ಚುಕ್ಕೆ ಇಡಬೇಕು. ಚುಕ್ಕೆ ಇಟ್ಟ ಮೇಲೆ ಬರೀ ‘ಅಡಿಕೆ ಡಾಟ್ ಇನ್’ ಹೊರಗೆ ಉಳಿಯುತ್ತೆ, ಅದಕ್ಕೆ ಬೇರೆ ಒಂದು ಷರತ್ತು ಬರೀಬೇಕು. ಸಣ್ಣ ಚುಕ್ಕೆ, ಆದ್ರೆ ಇಂಥಾ ಕಡೆ ಜಾರಿದ್ರೆ ಬೇರೆ ಯಾವನದ್ದೋ ಸೈಟು ನಿಮ್ಮ ನಿಯಮದಲ್ಲಿ ಸೇರ್ಕೊಳ್ಳುತ್ತೆ.

ಬ್ಯಾಂಕಿನ ಮಟ್ಟಿಗೆ ಈಗ ಇದು ಹಗುರ ಆಗಿದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರ ಒಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗೋದು. ಹಂಗಾಗಿ ಮುಂದೆ ಚುಕ್ಕೆ ಇಟ್ಟು ಆ ಒಂದು ಬಾಲ ಬರೆದ್ರೆ ಅಪ್ಪನ ಬ್ಯಾಂಕು, ನಿನ್ನ ಬ್ಯಾಂಕು ಎರಡೂ ಒಂದೇ ಸಾಲಿನಲ್ಲಿ ಮುಗಿಯುತ್ತೆ. ಪಹಣಿ, ತೆರಿಗೆ ಅಂತ ಸರ್ಕಾರದ ಪುಟ ನೋಡೋದಿದ್ರೆ ‘ಡಾಟ್ ಗವ್ ಡಾಟ್ ಇನ್’ ಇನ್ನೊಂದು ಸಾಲು.

ಮತ್ತೆ, ಒಂದೇ ಸೈಟಿನಲ್ಲಿ ಇಂಥ ಪುಟ ಆ ಕಡೆ, ಇಂಥ ಪುಟ ಈ ಕಡೆ ಅಂತ ಬರೆಯೋಕೆ ಹೋಗ್ಬೇಡ. ಎಚ್‌ಟಿಟಿಪಿಎಸ್ ವಿಳಾಸ ಆದ್ರೆ ಬ್ರೌಸರ್ ಈಗ ಪ್ಯಾಕ್ ಫೈಲಿಗೆ ಹೋಸ್ಟ್ ಹೆಸರು ಮಾತ್ರ ತೋರಿಸುತ್ತೆ, ಅದರ ಮುಂದಿನ ದಾರಿ ಮುಚ್ಚಿಡುತ್ತೆ.

ನಗರ ಹೋಬಳಿ · ಮಧ್ಯಾಹ್ನ 1:25

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಹೊಸನಗರ ತಾಲ್ಲೂಕು ನಗರದವನು. ನನ್ನದು ಲಿನಕ್ಸು, ಅದೇ ವೈರ್‌ಗಾರ್ಡು, ನೆದರ್ಲೆಂಡ್ಸಿಗೆ ಹೋಗುತ್ತೆ. ಆದ್ರೆ ನಂಗೆ ಉಲ್ಟಾ. ವಿಪಿಎನ್ ಆನ್ ಇದ್ರೂ ಕೆಲವು ಸೈಟಿಗೆ ನಾನು ಭಾರತದಲ್ಲಿರೋದು ಗೊತ್ತಾಗುತ್ತೆ. ವಿಡಿಯೋ ತೆಗೆದ್ರೆ ಕನ್ನಡ ಜಾಹೀರಾತು! ಏನೂ ನಿಯಮ ಬರೆಯದೇ ತಾನೇ ತಾನಾಗಿ ಬೈಪಾಸ್ ಆಗ್ತಿದೆ.

ಸಾಗರದಕ್ಕ · ಮಧ್ಯಾಹ್ನ 1:40

ಐಪಿವಿ6, ಅಂದ್ರೆ ಐಪಿ ವಿಳಾಸದ ಹೊಸ ಪದ್ಧತಿ. ನಿಮ್ಮ ಅಲೌಡ್ ಐಪೀಸ್‌ನಲ್ಲಿ 0.0.0.0/0 ಮಾತ್ರ ಇದ್ದು ::/0 (ಎಲ್ಲ ಐಪಿವಿ6 ವಿಳಾಸ) ಇಲ್ಲ. ನಿಮ್ಮ ಫೈಬರಿನವರು ಐಪಿವಿ6 ಕೊಟ್ಟಿದ್ದಾರೆ. ಐಪಿವಿ6 ಇರೋ ಸೈಟುಗಳೆಲ್ಲ ಹಿತ್ತಲ ಬಾಗಿಲಿಂದ ಹೋಗ್ತಿವೆ. ::/0 ಸೇರಿಸಿ, ಆ ಕಡೆ ಸರ್ವರ್ ಐಪಿವಿ6 ಒಯ್ಯದಿದ್ರೂ ಕೊನೇಪಕ್ಷ ಹೊರಗೆ ಸೋರಲ್ಲ.

ನಗರ ಹೋಬಳಿ · ಮಧ್ಯಾಹ್ನ 2:02

ನಿಂತಿತು. ಈಗ ಡಚ್ ಜಾಹೀರಾತು. ಕನ್ನಡದ್ದೇ ಚೆನ್ನಾಗಿತ್ತು.

ಕೊಪ್ಪರಿಗೆ · ರಾತ್ರಿ 8:30

ಹಳೆ ಫೋನ್ ಕಪಾಟಿಂದ ತೆಗೆದೆ, ಗಾಜು ಒಡೆದಿದೆ, ಬ್ಯಾಟರಿ ಸ್ವಲ್ಪ ಉಬ್ಬಿದೆ. ಟರ್ಮಕ್ಸ್ ಆಯ್ತು, ಟೈನಿಪ್ರಾಕ್ಸಿ ಆಯ್ತು. ವೈರ್‌ಗಾರ್ಡಿನ ಟಿಕ್ ತೆಗೆದೆ, ಕಂಪನಿಯವರಿಗೆ ಮೇಲ್ ಹಾಕಿ ಕೇಳಿ ತೆಗೆದೆ ಮೇಷ್ಟ್ರೆ, ‘ಸದ್ಯಕ್ಕೆ ಪರವಾಗಿಲ್ಲ’ ಅಂದ್ರು. ಪ್ಯಾಕ್ ಫೈಲ್ ಬರೆದೆ. ಬ್ಯಾಂಕ್ ತೆಗೆದ್ರೆ ಬಿಳಿ ಹಾಳೆ ಹೋಗಿ ಈಗ ಪ್ರಾಕ್ಸಿ ಸಂಪರ್ಕ ನಿರಾಕರಿಸ್ತಿದೆ ಅಂತ ಬರ್ತಿದೆ. ಎಚ್‌ಟಿಟಿಪಿ ಸೈಟೊಂದು ತೆಗೆದಾಗ ಮಾತ್ರ ಟೈನಿಪ್ರಾಕ್ಸಿ ಹೆಸರಲ್ಲಿ ‘ಆಕ್ಸೆಸ್ ಡಿನೈಡ್’ ಅಂತ ಪುಟ ಬಂತು.

ಹೊಳೆಬಾಗಿಲು · ರಾತ್ರಿ 8:41

ಅರ್ಧ ಗೆದ್ದೆ. ಬಾಗಿಲ ತನಕ ಹೋಗಿದೀಯ, ಒಳಗಿದ್ದವನು ಬಿಡ್ತಿಲ್ಲ. ಟೈನಿಪ್ರಾಕ್ಸಿಯ ಕಾನ್ಫ್ ಫೈಲಲ್ಲಿ ‘ಅಲೌ 127.0.0.1’ ಅಂತ ಒಂದು ಸಾಲು ಇರ್ತದೆ. ಅಂದ್ರೆ ಫೋನು ಬಿಟ್ರೆ ಬೇರೆ ಯಾರೂ ಬರೋ ಹಂಗಿಲ್ಲ. ಅದರ ಕೆಳಗೆ ‘ಅಲೌ 192.168.1.0/24’ ಅಂತ ಸೇರಿಸಿ, ಪ್ರಾಕ್ಸಿನ ನಿಲ್ಸಿ ಮತ್ತೆ ಶುರು ಮಾಡು. ಪ್ಯಾಕ್ ಫೈಲ್ ಮುಟ್ಟಿದಾಗೆಲ್ಲ ಫೈರ್‌ಫಾಕ್ಸಲ್ಲಿ ಅದರ ಪಕ್ಕದ ‘ರೀಲೋಡ್’ ಒತ್ತು, ಇಲ್ಲಾಂದ್ರೆ ಹಳೇದನ್ನೇ ಹಿಡ್ಕಂಡು ಕೂತಿರ್ತದೆ.

ಕೊಪ್ಪರಿಗೆ · ರಾತ್ರಿ 9:05

ಬಂತು!! ವಿಪಿಎನ್ ಆನ್, ಒಂದು ಟ್ಯಾಬಲ್ಲಿ ಡ್ಯಾಶ್‌ಬೋರ್ಡು, ಪಕ್ಕದ ಟ್ಯಾಬಲ್ಲಿ ಬ್ಯಾಂಕು. ಅಪ್ಪನಿಗೆ ತೋರಿಸಿದೆ. ಅವರು ಬ್ಯಾಲೆನ್ಸ್ ನೋಡಿ ‘ರಾಶಿ ಅಡಿಕೆ ದರ ಇಷ್ಟಿದ್ರೂ ಇಷ್ಟೇ ಹಾಕಿದಾನಾ’ ಅಂತ ಎದ್ದು ಹೋದ್ರು. ನನ್ನ ಸಾಧನೆ ಯಾರೂ ನೋಡಲಿಲ್ಲ.

ಒಂದೇ ಕೊರತೆ. ಒಳಗೆ ಹೋಗಿ ಹಣ ಕಳಿಸೋ ಪುಟಕ್ಕೆ ಬಂದ ಕೂಡಲೇ ‘ಸೆಷನ್ ಮುಗಿದಿದೆ’ ಅಂತ ಹೊರಗೆ ದೂಡ್ತಿದೆ.

ಸಾಗರದಕ್ಕ · ರಾತ್ರಿ 9:30

ಆ ಪುಟ ಬೇರೆ ಡೊಮೇನಿಗೆ ಹೋಗ್ತಿರುತ್ತೆ. ಎಫ್12 ಒತ್ತಿ ‘ನೆಟ್‌ವರ್ಕ್’ ಟ್ಯಾಬ್ ತೆಗೆದು, ಪುಟ ಮತ್ತೆ ಲೋಡ್ ಮಾಡಿ, ‘ಡೊಮೇನ್’ ಅಂತ ಇರೋ ಕಾಲಂ ನೋಡ್ತಾ ಹೋಗು. ಬ್ಯಾಂಕಿನ ಸ್ವಂತ ಹೆಸರು ಬಿಟ್ಟು ಇನ್ನೊಂದೆರಡು ಕಾಣುತ್ತೆ, ಪಾವತಿಯ ಕೊಂಡಿಯೋ ಪಾಸ್‌ವರ್ಡ್ ತಪಾಸಣೆಯದ್ದೋ. ಅವು ನಿನ್ನ ನಿಯಮದಲ್ಲಿ ಇಲ್ಲ, ಹಂಗಾಗಿ ಜರ್ಮನಿಯಿಂದ ಹೋಗ್ತಿವೆ. ಒಂದೇ ಮನುಷ್ಯ ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಟ ಹಾಗೆ ಕಾಣುತ್ತೆ ಬ್ಯಾಂಕಿಗೆ. ಹೊರಗೆ ಹಾಕೋದು ಅದರ ಧರ್ಮ. ಆ ಹೆಸರುಗಳನ್ನೂ ಸೇರಿಸು. ಜಾಹೀರಾತು, ಲೆಕ್ಕ ಇಡೋ ಸೈಟುಗಳನ್ನ ಬಿಡು.

ಕೊಪ್ಪರಿಗೆ · ರಾತ್ರಿ 9:58

ಎರಡು ಹೆಸರು ಸಿಕ್ತು, ಸೇರಿಸಿದೆ, ಸರಿಯಾಯ್ತು. ಅಕ್ಕ, ನೀವು ಒಂದು ಹೋಳಿಗೆ ಊಟಕ್ಕೆ ಬರಬೇಕು.

ಕೊಪ್ಪರಿಗೆ · ನಾಲ್ಕು ದಿನದ ನಂತರ, ಬೆಳಿಗ್ಗೆ 7:50

ಮತ್ತೆ ಬಂದೆ. ಬೆಳಿಗ್ಗೆ ಎದ್ದು ನೋಡಿದ್ರೆ ಬ್ಯಾಂಕು ಮತ್ತೆ ಬಿಳಿ ಹಾಳೆ. ಫೈಲಲ್ಲಿ ಏನೂ ಬದಲಾಗಿಲ್ಲ.

ಹೊಳೆಬಾಗಿಲು · ಬೆಳಿಗ್ಗೆ 8:10

ಫೋನ್ ನೋಡು. ರಾತ್ರಿ ಬ್ಯಾಟರಿ ಉಳಿಸ್ತೀನಿ ಅಂತ ಆಂಡ್ರಾಯ್ಡು ಟರ್ಮಕ್ಸನ್ನ ಕೊಂದಿರ್ತದೆ. ನೋಟಿಫಿಕೇಶನ್ನಿನಲ್ಲಿ ‘ವೇಕ್‌ಲಾಕ್’ (ಫೋನು ನಿದ್ದೆ ಹೋಗದ ಹಂಗೆ ತಡೆಯೋದು) ಹಿಡಿಸು, ಬ್ಯಾಟರಿ ಸೆಟ್ಟಿಂಗಲ್ಲಿ ಅದಕ್ಕೆ ವಿನಾಯಿತಿ ಕೊಡು.

ಸಾಗರದಕ್ಕ · ಬೆಳಿಗ್ಗೆ 8:32

ನಿಯಮದ ಸಾಲಿನಲ್ಲಿ ಪ್ರಾಕ್ಸಿ ಆದ ಮೇಲೆ ಅರ್ಧವಿರಾಮ ಹಾಕಿ ‘ಡೈರೆಕ್ಟ್’ ಅಂತಾನೂ ಬರೆದಿದೀಯ, ಅಲ್ವಾ? ಎಲ್ಲರ ಮಾದರಿಯಲ್ಲೂ ಹಂಗೇ ಇರುತ್ತೆ. ಪ್ರಾಕ್ಸಿ ಸತ್ರೆ ಡೈರೆಕ್ಟ್ ಹೋಗು ಅಂತ. ಬೇರೆಯವರ ಮನೆಯಲ್ಲಿ ಅದು ಒಳ್ಳೇದೇ. ನಿನ್ನ ಮನೆಯಲ್ಲಿ ಡೈರೆಕ್ಟ್ ಅಂದ್ರೆ ಫ್ರಾಂಕ್‌ಫರ್ಟು. ಫೋನು ಸತ್ತಿದ್ದು ನಿಂಗೆ ಗೊತ್ತೇ ಆಗ್ಲಿಲ್ಲ, ಬ್ಯಾಂಕಿಗೆ ಮಾತ್ರ ಗೊತ್ತಾಯ್ತು. ಆ ‘ಡೈರೆಕ್ಟ್’ ಕಿತ್ತು ಹಾಕು. ಆಗ ಪ್ರಾಕ್ಸಿ ಸಿಗ್ತಿಲ್ಲ ಅಂತ ಫೈರ್‌ಫಾಕ್ಸೇ ನೆಟ್ಟಗೆ ಹೇಳುತ್ತೆ. ಮತ್ತೆ ಬ್ಯಾಟರಿ ಉಬ್ಬಿದೆ ಅಂದಿದ್ದೆ. ಅಂಥ ಫೋನನ್ನ ಹಗಲೂ ರಾತ್ರಿ ಚಾರ್ಜಿಗೆ ಹಾಕಿಡಬೇಡ ಮಾರಾಯ, ಮನೆ ಹಳೇ ಮರದ್ದು ಅಂತ ಕಾಣುತ್ತೆ.

ತುಂಗಾತೀರದ ಮೇಷ್ಟ್ರು · ಬೆಳಿಗ್ಗೆ 9:00

ಉಬ್ಬಿದ ಬ್ಯಾಟರಿಯ ಮಾತು ಎಲ್ಲಕ್ಕಿಂತ ಮುಖ್ಯ.

ಹೊಳೆಬಾಗಿಲು · ಬೆಳಿಗ್ಗೆ 11:45

ಇವತ್ತು ಶರಾವತಿ ಹಿನ್ನೀರಿನ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಮೇಲೆ ಬರ್ತಾ ಇದೇ ಯೋಚನೆ. ಸಿಗಂದೂರಿಗೆ ಸೇತುವೆ ಆಗಿ ಗಾಡಿ ಓಡಾಡ್ತಿದಾವೆ, ನಾವು ಇನ್ನೂ ಲಾಂಚಿಗೆ ಕಾಯ್ತಾ ಕೂತ ಹಂಗೆ ಇದೆ ಈ ಫೋನಿನ ಕಥೆ. ನಾನೇ ಹೇಳ್ಕೊಟ್ಟಿದ್ದು, ಆದ್ರೂ ಕೇಳ್ತೀನಿ: ನಿಂಗೆ ನಿಜವಾಗ್ಲೂ ಫ್ರಾಂಕ್‌ಫರ್ಟಿಗೆ ಹೋಗ್ಬೇಕಾದ್ದು ಏನೇನು?

ಕೊಪ್ಪರಿಗೆ · ಮಧ್ಯಾಹ್ನ 12:20

ಡ್ಯಾಶ್‌ಬೋರ್ಡು, ಕೋಡ್ ಇಡೋ ಗಿಟ್ ಸರ್ವರು. ಅಷ್ಟೇ.

ಹೊಳೆಬಾಗಿಲು · ಮಧ್ಯಾಹ್ನ 12:26

ಎರಡು ಸೈಟಿಗೋಸ್ಕರ ಇಡೀ ಮನೆ ಜರ್ಮನಿಗೆ ಹೋಗಿ ಬರ್ತಿದೆ, ಆಮೇಲೆ ಬ್ಯಾಂಕಿಗೆ ವಿನಾಯಿತಿ, ಪಹಣಿಗೆ ವಿನಾಯಿತಿ. ಮೂಗಿಗಿಂತ ಮೂಗುತಿ ಭಾರ ಆತಲ್ಲ. ಅಲೌಡ್ ಐಪೀಸ್‌ನಲ್ಲಿ ಆ ಎರಡರ ಐಪಿ ಮಾತ್ರ ಬರ್ಕೋ, ಮುಗೀತು.

ಕೊಪ್ಪರಿಗೆ · ಮಧ್ಯಾಹ್ನ 12:40

ಗಿಟ್‌ಗೆ ಒಂದೇ ಐಪಿ ಇದೆ. ಡ್ಯಾಶ್‌ಬೋರ್ಡ್ ಯಾವುದೋ ಸಿಡಿಎನ್ (ಹಲವು ಕಡೆ ಸರ್ವರ್ ಇಟ್ಟು ಸೈಟ್ ಹಂಚೋ ಜಾಲ) ಹಿಂದೆ ಇದೆ, ಐಪಿ ದಿನಕ್ಕೊಂದು. ಅದಕ್ಕೇ ಹೆಸರಿನ ಮೇಲೆ ನಿಯಮ ಬೇಕು ಅಂತ ಬ್ರೌಸರಿಗೆ ಬಂದಿದ್ದು ನಾನು.

ಸಾಗರದಕ್ಕ · ಮಧ್ಯಾಹ್ನ 1:15

ಹಂಗಾದ್ರೆ ಪ್ರಾಕ್ಸಿನ ಆ ತುದಿಯಲ್ಲಿ ಇಡಿಸು. ಸುರಂಗದ ಆಚೆ ದಡದಲ್ಲಿರೋ ಸರ್ವರಿನಲ್ಲೇ ಒಂದು ಸಾಕ್ಸ್5 ಪ್ರಾಕ್ಸಿ (ಅದೂ ಒಂದು ಬಗೆಯ ಪ್ರಾಕ್ಸಿ) ಓಡಿಸಿ ಕೊಡ್ತಾರಾ ಅಂತ ಅವರ ಅಡ್ಮಿನ್ ಹತ್ರ ಕೇಳು, ಸುರಂಗದ ಒಳಗಿನ ವಿಳಾಸಕ್ಕೆ ಮಾತ್ರ ಕಿವಿ ಕೊಡೋ ಹಾಗೆ. ಆಗ ನಿನ್ನ ಅಲೌಡ್ ಐಪೀಸ್‌ನಲ್ಲಿ ಸುರಂಗದ ಒಳಗಿನ ಸಣ್ಣ ಜಾಲ ಮತ್ತು ಗಿಟ್‌ನ ಐಪಿ, ಎರಡೇ. ಪ್ಯಾಕ್ ಫೈಲಲ್ಲಿ ಡ್ಯಾಶ್‌ಬೋರ್ಡಿನ ಹೆಸರಿಗೆ ಸಾಕ್ಸ್5, ಉಳಿದ ಪ್ರಪಂಚಕ್ಕೆಲ್ಲ ಡೈರೆಕ್ಟ್. ಈ ಸಲ ಡೈರೆಕ್ಟ್ ಅಂದ್ರೆ ನಿಜವಾಗ್ಲೂ ನಿಮ್ಮನೆ ಫೈಬರ್. ಯಾವ ಬ್ಯಾಂಕಿನ ಹೆಸರೂ ಬರೆಯೋದು ಬೇಡ.

ಬರೆಯೋವಾಗ ‘ಸಾಕ್ಸ್’ ಅಂತ ಬಿಡಬೇಡ, ಮುಂದೆ 5 ಇರಲೇಬೇಕು. ಬರೀ ಸಾಕ್ಸ್ ಅಂದ್ರೆ ಬ್ರೌಸರು ಹಳೇ 4ನೇ ಆವೃತ್ತಿ ಅಂತ ತಿಳ್ಕೊಳ್ಳುತ್ತೆ. ಡಿಎನ್‌ಎಸ್, ಅಂದ್ರೆ ಸೈಟಿನ ಹೆಸರಿಂದ ಐಪಿ ಹುಡುಕೋ ಕೆಲಸಾನೂ ಆ ತುದಿಯಲ್ಲೇ ಆಗಲಿ, ಫೈರ್‌ಫಾಕ್ಸಲ್ಲಿ ‘ಪ್ರಾಕ್ಸಿ ಡಿಎನ್‌ಎಸ್’ ಟಿಕ್ ಇರಲಿ. ವೈರ್‌ಗಾರ್ಡ್ ಕಾನ್ಫಿಗ್‌ನಲ್ಲಿ ‘ಡಿಎನ್‌ಎಸ್’ ಸಾಲು ಇದ್ರೆ ತೆಗಿ. ಇಲ್ಲಾಂದ್ರೆ ಹೆಸರೆಲ್ಲ ಜರ್ಮನಿಯಲ್ಲಿ ಹುಡುಕಿ, ವಿಡಿಯೋ ಸೈಟುಗಳು ಜರ್ಮನಿ ಹತ್ತಿರದ ಸರ್ವರ್ ಕೊಟ್ಟು, ಎಲ್ಲಾ ನಿಧಾನ ಆಗುತ್ತೆ.

ನಗರ ಹೋಬಳಿ · ಸಂಜೆ 4:10

ಫೋನಿನಲ್ಲಿ ಇದೆಲ್ಲ ಹೇಗೆ? ಪ್ಯಾಕ್ ಫೈಲ್ ಆಪುಗಳು ಓದಲ್ವಲ್ಲ.

ಹೊಳೆಬಾಗಿಲು · ಸಂಜೆ 4:22

ಫೋನಲ್ಲಿ ಇದು ಬೇಡವೇ ಬೇಡ. ಯಾವ ಆಪು ವಿಪಿಎನ್ ಹೊರಗಿರ್ಬೇಕು ಅಂತ ಹೇಳೋ ಸೌಕರ್ಯ ಆಂಡ್ರಾಯ್ಡ್ 5ರಿಂದಲೇ ಇದೆ. ವೈರ್‌ಗಾರ್ಡ್ ಆಪಲ್ಲಿ ಟನಲ್ ತಿದ್ದೋವಾಗ ‘ಆಲ್ ಅಪ್ಲಿಕೇಶನ್ಸ್’ ಅನ್ನೋ ಗುಂಡಿ ಒತ್ತಿ ಬ್ಯಾಂಕಿನ ಆಪನ್ನ ಹೊರಗಿಡು. ಆಂಡ್ರಾಯ್ಡ್ ಸೆಟ್ಟಿಂಗಲ್ಲಿ ‘ವಿಪಿಎನ್ ಇಲ್ಲದೆ ಸಂಪರ್ಕ ಬೇಡ’ ಅನ್ನೋದು ಆನ್ ಇದ್ರೆ ಮಾತ್ರ ಹೊರಗಿಟ್ಟ ಆಪಿಗೆ ನೆಟ್ಟೇ ಸಿಗಲ್ಲ.

ಕೊಪ್ಪರಿಗೆ · ಮೂರು ದಿನದ ನಂತರ, ರಾತ್ರಿ 9:20

ಅಡ್ಮಿನ್ ಎರಡು ದಿನ ಸುಮ್ನಿದ್ದು ಇವತ್ತು ಮಾಡಿಕೊಟ್ರು. ‘ಇದನ್ನ ಮೊದಲೇ ಕೇಳಬಾರದಿತ್ತಾ, ಎಲ್ರ ಟ್ರಾಫಿಕ್ಕೂ ಹೊತ್ತು ನಮಗೂ ಸಾಕಾಗಿತ್ತು’ ಅಂದ್ರು. ಅವರೇ ಬೇಕಂತ ಎಲ್ಲವನ್ನೂ ಒಳಗೆ ಹಾಕಿದ್ದಲ್ಲವಂತೆ ಮೇಷ್ಟ್ರೆ, ಯಾವುದೋ ಮಾದರಿ ಫೈಲ್ ನಕಲು ಮಾಡಿದ್ರಂತೆ.

ಪ್ಯಾಕ್ ಫೈಲು ಈಗ ನಾಲ್ಕೇ ಸಾಲು. ಮೊದಲ ಸಲ 5 ಬಿಟ್ಟು ಬರೆದು ಹದಿನೈದು ನಿಮಿಷ ಒದ್ದಾಡಿದೆ, ಅಕ್ಕ ಹೇಳಿದ್ದನ್ನ ಓದಿಯೂ. ವಿಡಿಯೋ ಕಾಲ್ ಮೊದಲು ಫ್ರಾಂಕ್‌ಫರ್ಟ್ ಸುತ್ತಿ ಬರ್ತಿತ್ತು, ಬೆಂಗಳೂರಿನ ಸರ್ವರಿಗೆ ಪಿಂಗ್ ಕೊಟ್ರೆ 300 ಮಿಲಿಸೆಕೆಂಡ್ ಮೇಲೆ. ಈಗ 20ರ ಆಸುಪಾಸು. ಬೆಂಗಳೂರಲ್ಲಿರೋ ತಂಗಿ ವಿಡಿಯೋ ಕಾಲಲ್ಲಿ ಅಮ್ಮನ ಹತ್ರ ಮಾತಾಡೋವಾಗ ‘ಏನು ಈಗ ನಿನ್ನ ತುಟಿ, ಮಾತು ಒಟ್ಟಿಗೆ ಬರ್ತಿದೆ’ ಅಂತ ಕೇಳಿದ್ಲು.

ಹಳೆ ಫೋನು ಚಾರ್ಜಿಂದ ತೆಗೆದಿದ್ದೀನಿ. ಅಪ್ಪ ಅದನ್ನ ಮಳೆ ಲೆಕ್ಕ ಬರೆಯೋ ಪುಸ್ತಕದ ಮೇಲೆ ಹಾಳೆ ಹಾರದಿರೋಕೆ ಇಟ್ಕೊಂಡಿದ್ದಾರೆ.

ಸಾಗರದಕ್ಕ · ರಾತ್ರಿ 9:34

ಅದರಲ್ಲಿ ಟೈನಿಪ್ರಾಕ್ಸಿ ನಿಲ್ಲಿಸಿದೀಯೋ ಇಲ್ವೋ? ಚಾರ್ಜ್ ಇರೋ ತನಕ 8888 ತೆರೆದೇ ಇರುತ್ತೆ, ವೈಫೈಗೆ ಬಂದ ನೆಂಟರೆಲ್ಲ ಅದರೊಳಗಿಂದ ಹೋಗಬಹುದು. ಆಮೇಲೆ ಆ ಬ್ಯಾಟರಿ ಪುಸ್ತಕದ ಮೇಲಲ್ಲ, ಅಂಗಡಿಗೆ ವಾಪಸ್ ಕೊಡೋದು.

ಬಿಎಚ್ ರೋಡ್ · ರಾತ್ರಿ 9:36

ಶಿವಮೊಗ್ಗಕ್ಕೆ ಬಂದಾಗ ತಂದುಕೊಡಿ, ಇಟ್ಕೊಳ್ತೀನಿ. ಆ ನಾಲ್ಕು ಸಾಲಿನ ಫೈಲೂ ಕಳಿಸಿ, ಅಂಗಡಿಗೆ ಬರೋ ಹುಡುಗರಿಗೆ ಬೇಕಾಗುತ್ತೆ.

ಕೊಪ್ಪರಿಗೆ · ರಾತ್ರಿ 9:41

ಈಗ ನಿಲ್ಲಿಸಿದೆ ಅಕ್ಕ, 3 ಪರ್ಸೆಂಟ್ ಉಳಿದಿತ್ತು. ಸೋಮವಾರ ಮಂಡಿಗೆ ಅಪ್ಪನ ಜೊತೆ ಬರೋದಿದೆ ಸರ್, ಫೋನು ಪೆನ್‌ಡ್ರೈವು ಎರಡೂ ತರ್ತೀನಿ.